ಗೋಡೆಗೂ ಎಣ್ಣೆಮುಖ

"ಗುರುಗಳೇ, ಒಬ್ಬನ ದೋಷ ಕಣ್ಣಿಗೆ ಚೆನ್ನಾಗಿ ಕಾಣುತ್ತಿದೆ. ಅದಕ್ಕೆ ತಕ್ಕ ಮದ್ದನ್ನೂ ಕೊಡುತ್ತಿದ್ದೇನೆ. ಆದರೂ ಗುಣವಾಗುತ್ತಿಲ್ಲ. ಮದ್ದು ಸಾಲದೋ, ನನ್ನ ಕೈಗುಣವೇ ಸರಿಯಿಲ್ಲವೋ?"

ಹೀಗೆ ಕೇಳಿದವನು ಮಠದ ಹಿರಿಯ ಶಿಷ್ಯ ಮರುಳಸಿದ್ಧ. ಸಂಜೆಯ ಪ್ರಾರ್ಥನೆ ಮುಗಿದಿತ್ತು. ಮಠದವರೆಲ್ಲ ಜಗಲಿಯ ಮೇಲೆ ಕುಳಿತಿದ್ದರು. ಊರಿನಿಂದಲೂ ಸಾಕಷ್ಟು ಜನ ಬಂದಿದ್ದರು. ಅಷ್ಟು ಜನರ ನಡುವೆ ಅವನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದ. ಬೆಳಗ್ಗೆ ಗುರುಗಳೂ ಅವನೂ ಇಬ್ಬರೇ ಹೊಳೆಗೆ ಹೋಗಿ ಬಂದಿದ್ದರು. ದಾರಿಯುದ್ದಕ್ಕೂ ಅವನು ಸೋರುವ ಮಾಳಿಗೆಯ ಮಾತಾಡಿದ್ದನೇ ಹೊರತು ಇದನ್ನು ಎತ್ತಿರಲಿಲ್ಲ.

"ಯಾರ ದೋಷ?" ಎಂದರು ಗುರುಗಳು.

"ಈರಭದ್ರನದು. ಅವನನ್ನು ತಿದ್ದುವ ಕೆಲಸ ನೀವೇ ನನಗೆ ಒಪ್ಪಿಸಿದ್ದಿರಿ. ಅವನಿಗೆ ನಾಲ್ಕು ಜನರ ಮುಂದೆ ಮೆರೆಯುವ ಆಸೆ. ಹಾಡಲು ಕೂತರೆ ಯಾರು ತಲೆದೂಗಿದರು ಎಂದು ನೋಡುತ್ತಾನೆ. ಅದಕ್ಕೇ ಹಾಡು ಬಿಡಿಸಿದೆ. ಪಂಕ್ತಿಯಲ್ಲಿ ಕೊನೆಗೆ ಕೂರಿಸಿದೆ. ಈಗ ಯಾರೊಡನೆಯೂ ಮಾತಾಡುವುದಿಲ್ಲ. ನನಗೆ ಅದೂ ಮೆರೆತವೇ ಅನ್ನಿಸುತ್ತದೆ. ನಾಳೆ ಮಠ ಬಿಟ್ಟು ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ."

ಜನರೆಲ್ಲ ತಿರುಗಿ ಈರಭದ್ರನನ್ನು ನೋಡಿದರು. ಹಿಂದಿನ ಕಂಬಕ್ಕೆ ಒರಗಿ ಕುಳಿತಿದ್ದ ಆ ಯುವಕ ತಲೆ ಎತ್ತಲಿಲ್ಲ. ಗುರುಗಳು ಅವನನ್ನೂ ನೋಡಿದರು, ಮರುಳಸಿದ್ಧನನ್ನೂ ನೋಡಿದರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಎಣ್ಣೆಯ ಗಾಣದ ಮನೆಯೊಂದಿತ್ತು. ಆ ಮನೆಯ ಮುದುಕಿಗೆ ಮುಖ ನೋಡುವ ವಿದ್ಯೆ ಗೊತ್ತಿತ್ತು. ಮುಖ ನೋಡಿ ಭವಿಷ್ಯ ಹೇಳುವ ವಿದ್ಯೆಯಲ್ಲ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇವಳು ಚರ್ಮದ ಗುಣ ಹೇಳುತ್ತಿದ್ದಳು. ಮದುವೆ ಗೊತ್ತಾದ ಹುಡುಗಿಯರನ್ನು ಅರಿಸಿನ ಹಚ್ಚುವ ಮೊದಲು ಅವಳ ಹತ್ತಿರ ಕರೆತರುವುದು ಆ ಊರಿನ ರೂಢಿ. ಯಾರಿಗೆ ಯಾವ ಲೇಪ ಎಂದು ಅವಳು ಹೇಳಬೇಕು.

ಅವಳು ತನ್ನ ಸೊಸೆ ನೀಲವ್ವನಿಗೆ ಹೇಳುತ್ತಿದ್ದಳು: ಲೇಪ ಅರೆಯುವುದು ಯಾರಿಗಾದರೂ ಬರುತ್ತದೆ, ಮುಖ ನೋಡುವುದು ಬರಬೇಕು. ಹುಡುಗಿ ಬೆಳಗ್ಗೆ ಬರೀ ತಣ್ಣೀರಿನಲ್ಲಿ ಮುಖ ತೊಳೆದು, ಏನನ್ನೂ ಹಚ್ಚದೆ ಕೂರಬೇಕು. ಅಂಗಳಕ್ಕೆ ಬಿಸಿಲು ಇಳಿಯುವವರೆಗೆ ಕಾಯಬೇಕು. ಆಮೇಲೆ ಹಣೆ, ಮೂಗು, ಕೆನ್ನೆ, ಗದ್ದ ಮುಟ್ಟಿ ನೋಡಬೇಕು. ಎಲ್ಲ ಕಡೆಯೂ ಜಿಡ್ಡು ಸಿಕ್ಕರೆ ಅದು ಎಣ್ಣೆಮುಖ, ಕಡಲೆಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹಚ್ಚು. ಎಲ್ಲಿಯೂ ಜಿಡ್ಡಿಲ್ಲದೆ ಕೆನ್ನೆ ಬಿಗಿದುಕೊಂಡಿದ್ದರೆ ಅದು ಒಣಮುಖ, ಹಾಲಿನ ಕೆನೆ ಹಚ್ಚು, ಕಡಲೆಹಿಟ್ಟು ಮುಟ್ಟಿಸಬೇಡ. ಹಣೆ ಮೂಗಿನಲ್ಲಿ ಮಾತ್ರ ಜಿಡ್ಡಿದ್ದರೆ ಒಂದೇ ಮುಖದಲ್ಲಿ ಎರಡು ಮುಖ ಇದೆ ಎಂದು ತಿಳಿ, ಅಲ್ಲಿಗೆ ಅದು, ಇಲ್ಲಿಗೆ ಇದು. ಜಿಡ್ಡೂ ಇಲ್ಲ, ಬಿಗಿತವೂ ಇಲ್ಲ, ಮೆತ್ತಗಿದೆ ಎಂದರೆ ಸುಮ್ಮನೆ ಬಿಡು, ದೇವರು ನೆಟ್ಟಗೆ ಮಾಡಿದ್ದನ್ನು ನೀನು ಕೆಡಿಸಬೇಡ. ಯಾವ ಲೇಪವೇ ಆಗಲಿ, ಮೊದಲು ಮೊಳಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾದು ನೋಡು.

ನೀಲವ್ವ ಇದೆಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ಒಂದನ್ನು ಮಾತ್ರ ಬಿಟ್ಟಳು. ಮುದುಕಿ ಯಾರದೇ ಮುಖ ಮುಟ್ಟುವ ಮೊದಲು ಒಲೆಯ ಬೂದಿಯಿಂದ ಎರಡೂ ಕೈ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು ಒರೆಸಿಕೊಳ್ಳುತ್ತಿದ್ದಳು. ಏಕೆ ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಅತ್ತೆಯದು ವಿಪರೀತ ಮಡಿ ಎಂದುಕೊಂಡಳು. ಅತ್ತೆ ತೀರಿಕೊಂಡ ಮೇಲೆ ಆ ಮಡಿಯೂ ಅವಳ ಹಿಂದೆ ಹೋಯಿತು.

ಈಗ ಗಾಣವೂ ನೀಲವ್ವನದು, ಮುಖ ನೋಡುವುದೂ ನೀಲವ್ವನದು. ಬೆಳಗ್ಗೆ ಎದ್ದು ಕುಸುಬೆ ಹಾಕಿ ಗಾಣ ಹೂಡುವಳು. ಹಿಂಡಿ ತೆಗೆದು, ಎಣ್ಣೆ ಸೋಸಿ, ನೀರಿನಲ್ಲಿ ಕೈ ಜಾಲಿಸಿಕೊಂಡು ಹುಡುಗಿಯ ಮುಖ ಮುಟ್ಟುವಳು. ಗಾಣದವರ ಕೈಯ ಎಣ್ಣೆ ಬರೀ ನೀರಿಗೆ ಬಿಡುತ್ತದೆಯೇ? ಆದರೆ ವರ್ಷಗಟ್ಟಲೆ ಎಣ್ಣೆಯಲ್ಲೇ ಇರುವ ಕೈಗೆ ತನ್ನ ಜಿಡ್ಡು ತಿಳಿಯುವುದಿಲ್ಲ. ಆ ವರ್ಷದಿಂದ ಊರಿನ ಎಲ್ಲ ಹುಡುಗಿಯರದೂ ಎಣ್ಣೆಮುಖವೇ ಆಯಿತು.

"ಈಗಿನ ಹುಡುಗ್ಯಾರು ಬರೇ ಕರದದ್ದು ತಿಂತಾರ. ಮತ್ತೇನಾಕ್ಕೈತಿ?" ಎನ್ನುತ್ತಿದ್ದಳು ನೀಲವ್ವ.

ಮದುವಣಗಿತ್ತಿಯರಿಗೆ ಇದರಿಂದ ಹೆಚ್ಚು ತೊಂದರೆಯಾಗಲಿಲ್ಲ. ಒಮ್ಮೆ ಕಡಲೆಹಿಟ್ಟು ಹಚ್ಚಿಸಿಕೊಂಡು ಗಂಡನ ಮನೆಗೆ ಹೋದವರು ಮತ್ತೆ ಇವಳ ಕೈಗೆ ಸಿಗುತ್ತಿರಲಿಲ್ಲ. ನೀಲವ್ವನ ಹೆಸರು ಹಾಗೇ ಉಳಿಯಿತು.

ಕೈಗೆ ಸಿಕ್ಕವಳು ಒಬ್ಬಳೇ. ಅವಳು ನೀಲವ್ವನ ಮಗನನ್ನು ಮದುವೆಯಾಗಿ ಬಂದ ಪಾರವ್ವ.

ಪಾರವ್ವನದು ಒಣಮುಖ. ನೀರು ಮುಟ್ಟಿದರೆ ಕೆನ್ನೆ ಬಿಗಿಯುತ್ತಿತ್ತು. ನೀಲವ್ವ ಅವಳನ್ನು ಅಂಗಳದಲ್ಲಿ ಕೂರಿಸಿಕೊಂಡು ಮುಟ್ಟಿ ನೋಡಿ, ಎಣ್ಣೆಮುಖ ಎಂದಳು. ಸೊಸೆಯ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಪ್ರೀತಿ ಇತ್ತು, ಅದೇ ಕಷ್ಟವಾಯಿತು. ದ್ವೇಷವಿದ್ದಿದ್ದರೆ ಅವಳ ಪಾಡಿಗೆ ಬಿಟ್ಟಿರುತ್ತಿದ್ದಳು. ಶ್ರಾವಣದಲ್ಲಿ ನಾಗರ ಪಂಚಮಿಗೆ ತವರಿಗೆ ಕರೆದೊಯ್ಯಲು ಪಾರವ್ವನ ಅಣ್ಣ ಬರುತ್ತಾನೆ, ಮೊದಲ ಪಂಚಮಿ, ನಮ್ಮ ಹುಡುಗಿ ಅತ್ತೆಯ ಮನೆಯಲ್ಲಿ ಅರಳಿದ್ದಾಳೆ ಎಂದು ತವರಿನವರು ಹೇಳಬೇಕು ಎಂಬ ಆಸೆ ಅವಳಿಗೆ. ದಿನವೂ ತಾನೇ ಕೂತು ಕಡಲೆಹಿಟ್ಟು ಹಚ್ಚಿದಳು. ಸ್ವಲ್ಪ ದಿನಕ್ಕೆ ಮುಖದ ಮೇಲೆ ಬಿಳಿ ಗೆರೆ ಎದ್ದವು.

"ಅತ್ತಿ, ಉರೀತೈತ್ರಿ" ಎಂದಳು ಪಾರವ್ವ.

"ಉರೀಲಿ ಮಗಳ. ಎಣ್ಣಿ ಬಿಡಾಕತ್ತೈತಿ ಅಂತ ತಿಳಿ" ಎಂದಳು ನೀಲವ್ವ. ಮುಟ್ಟಿ ನೋಡಿದರೆ ಅವಳಿಗೆ ಇನ್ನೂ ಜಿಡ್ಡು ಹತ್ತುತ್ತಿತ್ತು. ಇಷ್ಟು ತೊಳೆದರೂ ಹೋಗಲಿಲ್ಲವಲ್ಲ ಎಂದು ಅವಳಿಗೆ ಅಚ್ಚರಿ. ಕಡಲೆಹಿಟ್ಟು ಸಾಲದು ಎಂದು ಮುಲ್ತಾನಿ ಮಣ್ಣು ತರಿಸಿದಳು. ಅದೂ ಸಾಲದು ಎಂದು ಲಿಂಬೆರಸ ಹಿಂಡಿ ಬಿಸಿಲಿಗೆ ಕೂರಿಸಿದಳು. ಮುಖ ಕೆಂಪಗೆ ಸುಟ್ಟು, ಕೆನ್ನೆ ಬಿರಿಯಿತು. ಮೊಳಕೈಗೆ ಹಚ್ಚಿ ನೋಡು ಎಂದ ಮಾತು ಅವಳಿಗೆ ನೆನಪಾಗಲಿಲ್ಲ. ಮನೆಯವರಿಗೆ ಏನು ಪರೀಕ್ಷೆ ಎಂದುಕೊಂಡಳೋ ಏನೋ.

ಪಾರವ್ವ ಸೆರಗು ಮುಂದೆ ಎಳೆದುಕೊಂಡು ಓಡಾಡತೊಡಗಿದಳು. ನಕ್ಕರೆ ಕೆನ್ನೆ ಸೀಳುತ್ತಿತ್ತು, ಆದ್ದರಿಂದ ನಗುವುದನ್ನು ಬಿಟ್ಟಳು. ಸೊಸೆಗೆ ಸೊಕ್ಕು ಬಂತು ಎಂದಳು ನೀಲವ್ವ.

ಪಂಚಮಿ ಹತ್ತಿರ ಬಂತು. ಪಾರವ್ವ ತವರಿಗೆ ಹೋಗಲು ಗಂಟು ಕಟ್ಟುತ್ತಿದ್ದಳು. ನೀಲವ್ವ ನೋಡಿದಳು. ಗಂಟಿನಲ್ಲಿ ಚಳಿಗಾಲಕ್ಕೆ ಹೊದೆಯುವ ಕೌದಿಯೂ ಇತ್ತು. ಹಬ್ಬದ ಉಂಡಿ ತಿಂದು ಜೋಕಾಲಿ ಆಡಿ ಬರುವವಳಿಗೆ ಕೌದಿ ಏಕೆ? ಇವಳು ತಿರುಗಿ ಬರುವವಳಲ್ಲ ಎಂದು ನೀಲವ್ವನಿಗೆ ತಿಳಿಯಿತು. ಭಯವಾದಾಗ ಕೆಲವರು ಕೈಮುಗಿಯುತ್ತಾರೆ, ಕೆಲವರು ವಾದಕ್ಕೆ ನಿಲ್ಲುತ್ತಾರೆ. ನೀಲವ್ವ ವಾದಕ್ಕೆ ನಿಂತಳು. ತನ್ನದೇನೂ ತಪ್ಪಿಲ್ಲ ಎಂದು ತೋರಿಸಲು ಒಗೆದ ಬಿಳಿ ಬಟ್ಟೆಯ ತುಂಡೊಂದನ್ನು ತಂದು ಸೊಸೆಯ ಕೆನ್ನೆಗೆ ಒತ್ತಿದಳು. ಬಟ್ಟೆಯ ಮೇಲೆ ಎಣ್ಣೆಯ ಕಲೆ ಮೂಡಿತು.

"ನೋಡಿದೇನು? ಇಷ್ಟು ಎಣ್ಣಿ ಇಟ್ಕೊಂಡು ನನ್ನ ಮ್ಯಾಲೆ ಸಿಟ್ಟ ಮಾಡ್ತಿ."

ಪಾರವ್ವ ಕಲೆಯನ್ನು ನೋಡಿದಳು. ಅವಳು ಜಗಳವಾಡಲಿಲ್ಲ. ಹಬ್ಬಕ್ಕೆಂದು ಹೊಸದಾಗಿ ಸುಣ್ಣ ಬಳಿದ ಗೋಡೆಯ ಕಡೆ ಕೈ ತೋರಿಸಿದಳು.

"ಅತ್ತಿ, ಆ ಗ್ವಾಡಿಗೂ ಒಂದೀಟು ಒತ್ತಿ ನೋಡ್ರಿ."

ನೀಲವ್ವ ಬಟ್ಟೆಯ ಇನ್ನೊಂದು ತುದಿ ಹಿಡಿದು ಗೋಡೆಗೆ ಒತ್ತಿದಳು. ತೆಗೆದು ನೋಡಿದರೆ ಅಷ್ಟೇ ಕಲೆ. ನಾಲ್ಕು ಬೆರಳಿನ ಗುರುತು ಬೇರೆ ಬೇರೆಯಾಗಿ ಕಾಣುತ್ತಿತ್ತು. ಅಲ್ಲಿಗೆ ಆ ಊರಿನಲ್ಲಿ ಗೋಡೆಗೂ ಎಣ್ಣೆಮುಖವಾಯಿತು.

ನೀಲವ್ವ ಆ ಗುರುತುಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟು ನೋಡಿದಳು. ಆಮೇಲೆ ಒಳಗೆ ಹೋದಳು. ಒಲೆಯ ಬೂದಿ ತೆಗೆದು ಕೈ ತಿಕ್ಕಿದಳು. ಬಿಸಿನೀರಿನಲ್ಲಿ ತೊಳೆದಳು, ಮತ್ತೆ ತಿಕ್ಕಿದಳು. ಅತ್ತೆಯ ಮಡಿ ಏನೆಂದು ಅವಳಿಗೆ ಆಗ ತಿಳಿಯಿತು. ಒರೆಸಿದ ಕೈಯಿಂದ ಸೊಸೆಯ ಕೆನ್ನೆ ಮುಟ್ಟಿದಳು. ಖಡಕ್ ರೊಟ್ಟಿ ಮುಟ್ಟಿದಂತಾಯಿತು. ಅಷ್ಟು ದಿನ ದಿನವೂ ಮುಟ್ಟುತ್ತಿದ್ದ ಮುಖವನ್ನು ಅವಳು ಮುಟ್ಟಿದ್ದು ಅದೇ ಮೊದಲು. ನೀಲವ್ವ ಅತ್ತಳು. ಮನೆ ತುಂಬ ಎಣ್ಣೆ, ಸೊಸೆಯ ಮುಖಕ್ಕೆ ಬೇಕಾಗಿದ್ದದ್ದು ಎರಡು ಹನಿ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಚ್ಚಿದ್ದಳು.

ಅಂದಿನಿಂದ ಹಿಟ್ಟು, ಮಣ್ಣು, ಲಿಂಬೆ ಎಲ್ಲ ನಿಂತವು. ಬಿರಿದದ್ದು ಕೂಡಲಿ ಎಂದು ನೀಲವ್ವ ಬರೀ ತುಪ್ಪ ಸವರಿದಳು, ಅದೂ ಮೊಳಕೈಗೆ ಹಚ್ಚಿ ನೋಡಿದ ಮೇಲೆ. ಅದು ಪೂರ್ತಿ ಕೂಡುವ ಮೊದಲೇ ಪಾರವ್ವನ ಅಣ್ಣ ಬಂದ. ತಂಗಿಯ ಮುಖ ನೋಡಿ ಅವನ ಮುಖ ಬಿಗಿಯಿತು. ಅವನು ಬಾಯಿ ತೆರೆಯುವ ಮೊದಲೇ ನೀಲವ್ವ, "ಇದು ನನ್ನ ಕೈ ಮಾಡಿದ್ದಪಾ, ನಿನ್ನ ತಂಗಿದೇನೂ ಇಲ್ಲ" ಎಂದಳು.

ಪಾರವ್ವ ಅಣ್ಣನ ಜೊತೆ ಹೊರಟಳು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಊರಿನಿಂದ ಬಂದಿದ್ದ ಒಬ್ಬ ಹೆಂಗಸು ತಡೆಯಲಾರದೆ, "ಆಕಿ ತಿರುಗಿ ಬಂದಳೇನ್ರಿ ಅಜ್ಜಾರ?" ಎಂದು ಕೇಳಿದಳು.

"ಕೌದಿ ಬಿಟ್ಟು ಹೋಗಿದ್ದಳು ತಾಯಿ" ಎಂದರು ಗುರುಗಳು. ಹೆಂಗಸಿನ ಮುಖ ಸಡಿಲವಾಯಿತು.

ಮರುಳಸಿದ್ಧ ಇನ್ನೂ ನಿಂತೇ ಇದ್ದ. ಕತೆ ತನಗೆ ತಿಳಿಯಿತು ಎನ್ನುವಂತೆ ತಲೆಯಾಡಿಸಿದ. "ತಾವು ಹೇಳಿದ್ದು ಸರಿ, ಗುರುಗಳೇ. ಮುಟ್ಟುವವರು ಮೊದಲು ಕೈ ತೊಳೆದುಕೊಳ್ಳಬೇಕು. ಆದರೆ ನೀಲವ್ವ ಗಾಣದ ಮನೆಯವಳು, ಅವಳ ಕೈಗೆ ಎಣ್ಣೆ ಅಂಟಿತ್ತು. ನಾನು ಇಷ್ಟು ವರ್ಷ ಮಠದಲ್ಲಿ ಕಸ ಗುಡಿಸಿ ಬೆಳೆದವನು. ಜನರ ಮುಂದೆ ಮೆರೆಯುವ ಆಸೆ ನನ್ನ ಕೈಗೆ ಎಲ್ಲಿಂದ ಅಂಟಬೇಕು?"

ಗುರುಗಳು ಹೇಳಿದರು: "ಬೆಳಗ್ಗೆ ಹೊಳೆಯ ದಾರಿಯಲ್ಲಿ ನಾವಿಬ್ಬರೇ ಇದ್ದೆವಲ್ಲ ಮರುಳಸಿದ್ಧ, ಅಲ್ಲಿ ಕೇಳದ ಈ ಪ್ರಶ್ನೆಯನ್ನು ಇಷ್ಟು ಜನರ ಮುಂದೆ ಏಕೆ ಕೇಳಿದೆ?"