ಕೆಂಗಣ್ಣ ಬಣ್ಣ ಬಳಿದ ಗೊಂಬೆಮನೆ

ಗೊಂಬೆ ಕೆಲಸದವರ ಬೀದಿಯಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ. ಅವಳಿಗೆ ಕೆಂಗಣ್ಣ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಯಿಯ ಹಣೆಬರಹ!

ಗಂಡ ತೀರಿಕೊಂಡ ಮೇಲೆ, "ಆ ಮನೆಯ ಗೊಂಬೆ ಕೆಲಸ ಅವನ ಜೊತೆಗೇ ಹೋಯಿತು" ಅಂತ ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ವನಜಾಕ್ಷಿ ಟೀಚರ್ ಬಂದು, ದಸರಾ ಗೊಂಬೆ ಕೂರಿಸಲು ಒಂದು ಮರದ ಗೊಂಬೆಮನೆ ಬೇಕೆಂದರು. ಹೊಂಬಾಳಮ್ಮ ಸೆರಗು ಸಿಕ್ಕಿಸಿದಳು. ಹಲಗೆ ಕೊಯ್ಯುವವಳು ಅವಳು, ಉಜ್ಜಿ ಬಳಿಯುವವನು ಮಗ.

"ಮಗಾ, ಬಾಗಿಲನ್ನ ಉಪ್ಪುಕಾಗದದಲ್ಲಿ ಉಜ್ಜು. ಸವರಿದರೆ ಕೈಗೆ ಏನೂ ತಾಗಬಾರದು!"

ಉಜ್ಜಿದ. ಸವರಿದ. ಬಾಗಿಲು ತಾಗಿತು. ಮತ್ತೆ ಉಜ್ಜಿದ. ಸಂಜೆಗೆ ಕೈಗೆ ಏನೂ ತಾಗಲಿಲ್ಲ. ಬಾಗಿಲೇ ಇರಲಿಲ್ಲ, ಹೊಟ್ಟು ಇತ್ತು!

"ಅಯ್ಯೋ ನನ್ನ ಕರ್ಮವೇ! ಅರ್ಧಕ್ಕೇ ನಿಲ್ಲಿಸಬೇಕಿತ್ತಲ್ಲೋ!"

"ಆಗಲಮ್ಮ, ಇನ್ನು ಮೇಲೆ ಅರ್ಧಕ್ಕೇ ನಿಲ್ಲಿಸ್ತೀನಿ."

ಅವಳು ಬೇರೆ ಬಾಗಿಲು ಕೊಯ್ದಳು. ಮರುದಿನ ಪ್ರೈಮರ್, ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ. ಗೋಡೆಗೆ ಅರ್ಧ ಬಿಳಿ, ಸೂರಿಗೆ ಅರ್ಧ ಬಿಳಿ, ಗೇಣುದ್ದದ ಬಾಗಿಲಿಗೂ ಅರ್ಧ ಬಿಳಿ!

"ಇದೇನೋ, ಅರ್ಧ ಕ್ಷೌರ ಮಾಡಿಸಿಕೊಂಡವರ ಹಾಗೆ! ಪ್ರೈಮರ್ ಕುಡಿಯದ ಮರದ ಮೇಲೆ ಬಣ್ಣ ನಿಲ್ಲತ್ತೇನೋ? ಮರ ಅನ್ನೋದು ಎಲ್ಲೂ ಕಾಣಬಾರದು!"

"ಆಗಲಮ್ಮ, ಎಲ್ಲೂ ಕಾಣಲ್ಲ."

ಕಾಣಲಿಲ್ಲ. ಗೋಡೆ ಬಿಳಿ, ಸೂರು ಬಿಳಿ, ಊಟದ ಮಣೆ ಬಿಳಿ, ಕಡಗೋಲು ಬಿಳಿ, ಲಟ್ಟಣಿಗೆ ಬಿಳಿ!

"ಲಟ್ಟಣಿಗೆಗೂ ಪ್ರೈಮರಾ! ಹಾಳಾಗಿ ಹೋಗಲಿ, ಗೋಂದು ಹಚ್ಚೋ ಅಂಚಿಗೂ ಬಳಿದಿದ್ದೀಯಲ್ಲೋ, ಅಂಟೋದು ಹೇಗೆ? ಎರಡು ಹಲಗೆ ಸೇರೋ ಕಡೆ ಬರಿ ಮರ ಇರಬೇಕು!"

ಕೆಂಗಣ್ಣ ಅಂಚುಗಳನ್ನೆಲ್ಲ ಹೆರೆದ. ಅಳತೆ ಇಟ್ಟ ಹಾಗೆ ಹೆರೆದ. ಹೇಳಿದ್ದು ಸರಿಯಿದ್ದರೆ ಅವನು ಮಾಡಿದ್ದೂ ಸರಿ! ಗೋಂದು ಗಪ್ಪೆಂದು ಹಿಡಿಯಿತು. ಕೆಂಪು ಸೂರು, ಹಳದಿ ಗೋಡೆ, ಎರಡೆರಡು ಕೋಟು ಬಣ್ಣ. ವಾರ ಒಣಗಿತು. ಹೊಂಬಾಳಮ್ಮ ಮೂಲೆಮೂಲೆ ಸವರಿದಳು. ಒಂದು ತಪ್ಪು ಸಿಗಲಿಲ್ಲ.

"ನಿಮ್ಮಪ್ಪನ ಕೈ ಕಣೋ ನಿಂದು!" ಅಂದಳು. "ಟೀಚರನ್ನ ಕರೆತರ್ತೀನಿ. ಅಲ್ಲೀತನಕ ಒಂದು ಚೂರೂ ಧೂಳು ಕೂರಕೂಡದು!"

ಟೀಚರ್ ಬಂದರು. ಮನೆಯೇ ಇಲ್ಲ!

"ಎಲ್ಲೋ ಮನೆ?"

"ಬಾವೀಲಿ! ತೇಲ್ತಿತ್ತು, ರುಬ್ಬುಗುಂಡು ಕಟ್ಟಿ ಇಳಿಸಿದೀನಿ. ನೀರೊಳಗೆ ಧೂಳು ಎಲ್ಲಿಂದ ಬರತ್ತಮ್ಮ?"

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ಕೆಂಗಣ್ಣ ಹಗ್ಗ ಎಳೆದ. ನೀರು ಸುರಿಸುತ್ತಾ ಗೊಂಬೆಮನೆ ಮೇಲೆ ಬಂತು. ಟೀಚರ್ ಕರ್ಚೀಫಿನಿಂದ ತಿಕ್ಕಿದರು. ಇನ್ನೊಮ್ಮೆ ತಿಕ್ಕಿದರು. ಕರ್ಚೀಫು ಬೆಳ್ಳಗೇ ಇತ್ತು!

"ಹೋದ ವರ್ಷ ಪೇಟೆಯಿಂದ ತಂದದ್ದು ಒದ್ದೆ ಬಟ್ಟೆಗೇ ಬಣ್ಣ ಬಿಟ್ಟಿತ್ತು. ಇದು ಬಾವಿಗೆ ಇಳಿದರೂ ಬಿಡಲಿಲ್ಲ! ನಿಮ್ಮ ಯಜಮಾನರ ಕೆಲಸ ಎಲ್ಲೂ ಹೋಗಿಲ್ಲ, ಹೊಂಬಾಳಮ್ಮ." ಅದನ್ನೇ ಒಂದು ಕಾಗದದಲ್ಲಿ ಬರೆದು, ರುಜು ಹಾಕಿ, ಗೊಂಬೆಮನೆ ತೆಗೆದುಕೊಂಡು ಹೋದರು.

ಹೊಂಬಾಳಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಜೋಪಾನ ಮಗಾ! ಈ ಕಾಗದದ ಮೇಲೂ ಧೂಳು ಕೂರಕೂಡದು!" ಅಂದವಳೇ, ಆಡಿಕೊಂಡವರನ್ನೆಲ್ಲ ಕರೆಯಲು ಓಡಿದಳು. ಬೀದಿಗೆ ಬೀದಿಯೇ ಬಂದು ನಿಂತಿತು.

"ಎಲ್ಲೋ ಕಾಗದ? ಇವರಿಗೆ ಓದಿ ತೋರಿಸು!"

ಕೆಂಗಣ್ಣ ಎದೆಯುಬ್ಬಿಸಿ ಬಾವಿಯ ಹಗ್ಗ ಎಳೆದ. ರುಬ್ಬುಗುಂಡು ಬಂತು, ಅದಕ್ಕೆ ಕಟ್ಟಿದ ಕಾಗದವೂ ಬಂತು. ಧೂಳು ಇರಲಿಲ್ಲ. ಅಕ್ಷರವೂ ಇರಲಿಲ್ಲ.

"ಪ್ರೈಮರ್ ಎಷ್ಟು ಚೆನ್ನಾಗಿ ಕೂತಿದೆ ನೋಡಮ್ಮ!" ಅಂದ ಕೆಂಗಣ್ಣ. "ಈಗ ಯಾವ ಬಣ್ಣ ಬಳೀಲಿ?"