ಮುರಿಗೆಪ್ಪನ ವಸಡು

ನದಿಯ ದಂಡೆಯ ಮೇಲೊಂದು ಮಠ. ಅಲ್ಲಿ ನಿರುಪಾದಜ್ಜಾರು ಎಂಬ ಗುರುಗಳಿದ್ದರು. ಮುರಿಗೆಪ್ಪ ಹನ್ನೆರಡು ವರ್ಷದಿಂದ ಅವರ ಶಿಷ್ಯ.

ಮುರಿಗೆಪ್ಪನ ಮಾತು ಕೇಳಲು ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು. ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗೆ ಹೊರಬರುತ್ತಿತ್ತು. ಮುಂದಿನ ಶ್ರಾವಣದಿಂದ ಪ್ರವಚನದ ಪೀಠ ಅವನದೇ ಎಂದು ಗುರುಗಳು ಹೇಳಿಬಿಟ್ಟಿದ್ದರು.

ಗುರುಗಳೆದುರು ಮಾತಾಡುವಾಗ ಮುರಿಗೆಪ್ಪ ಹೆಗಲ ಮೇಲಿನ ವಲ್ಲಿಯ ತುದಿಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಹಿರಿಯರ ಮುಂದೆ ಹಾಗೆ ಮಾಡುವುದು ಆ ಮಠದ ರೂಢಿ. ಉಳಿದ ಶಿಷ್ಯರಿಗೆ ಒಮ್ಮೊಮ್ಮೆ ಮರೆಯುತ್ತಿತ್ತು. ಇವನಿಗೆ ಎಂದೂ ಮರೆಯುತ್ತಿರಲಿಲ್ಲ. ಬರಬರುತ್ತ ಭಕ್ತರೆದುರೂ ಮುಚ್ಚಿಕೊಳ್ಳತೊಡಗಿದ.

"ವಿನಯ ಅಂದರ ಇದು ನೋಡ್ರಿ" ಎಂದು ಭಕ್ತರು ಕೊಂಡಾಡಿದರು.

ಗುರುಗಳೂ ತಲೆದೂಗಿದರು. ಅವರೂ ಮೋಸಹೋದರು ಎಂದು ಬರೆಯಲು ನನಗೆ ಸಂಕೋಚವಿಲ್ಲ. ಆಮೇಲೆ ಎಲ್ಲರೆದುರು ಅವರೇ ಹಾಗೆ ಹೇಳಿಕೊಂಡರು.

ಒಂದು ಬೆಳಗ್ಗೆ ಗುರುಗಳು ಶಿಷ್ಯನಿಗೊಂದು ಪೇರಲ ಹಣ್ಣನ್ನು ಪ್ರಸಾದವಾಗಿ ಕೊಟ್ಟರು. ಮುರಿಗೆಪ್ಪ ಆ ಕಡೆ ತಿರುಗಿ ಒಂದು ಸಲ ಕಚ್ಚಿದ. ಅಷ್ಟರಲ್ಲಿ ಅಡುಗೆಮನೆಯಿಂದ ಯಾರೋ ಕರೆದರು. ಹಣ್ಣನ್ನು ಕಟ್ಟೆಯ ಮೇಲಿಟ್ಟು ಎದ್ದು ಹೋದ.

ಗುರುಗಳ ಕಣ್ಣು ಹಣ್ಣಿನ ಮೇಲೆ ಬಿತ್ತು. ಬಿಳಿಯ ತಿರುಳಿನಲ್ಲಿ ಹಲ್ಲಿನ ಗುರುತು ಮೂಡಿತ್ತು. ಗುರುತಿನ ಉದ್ದಕ್ಕೂ ರಕ್ತ.

ಶಿಷ್ಯ ತಿರುಗಿ ಬಂದಾಗ ಹಣ್ಣು ಗುರುಗಳ ಅಂಗೈಯಲ್ಲಿತ್ತು. ಅವನು ಓಡಿ ಬಂದು ಕೈ ಚಾಚಿದ. ಗುರುವಿನ ಎಂಜಲನ್ನು ಶಿಷ್ಯರು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಶಿಷ್ಯನ ಎಂಜಲನ್ನು ಗುರು ಮುಟ್ಟಿದ್ದನ್ನು ಆ ಮಠದಲ್ಲಿ ಯಾರೂ ಕಂಡಿರಲಿಲ್ಲ.

"ಕೆಳಗಿಡ್ರಿ ಅಜ್ಜಾರ. ಅದು ನನ್ನ ಎಂಜಲ."

"ನಿನ್ನ ರಕ್ತ ಐತಿ ಇದರಾಗ" ಅಂದರು ಗುರುಗಳು. "ಎಷ್ಟ ದಿನಾ ಆತು?"

"ಎರಡು ವರ್ಷ ಆಗಿರಬೇಕ್ರಿ."

"ಯಾಕ ಹೇಳಲಿಲ್ಲ?"

"ನೋವಿಲ್ರಿ. ನೋವೇ ಇಲ್ಲ ಅಂದಮ್ಯಾಲೆ ಏನಂತ ಹೇಳಲಿ?"

"ಹಲ್ಲು ತಿಕ್ಕತೀಯಿಲ್ಲೋ?"

"ತಿಕ್ಕತೀನ್ರಿ. ಆದರ ತಿಕ್ಕಿದಲ್ಲಿ ರಕ್ತ ಬರತೈತಿ. ಅದಕ್ಕ ಆ ಜಾಗಾ ಬಿಟ್ಟು ತಿಕ್ಕತೀನಿ."

"ವಲ್ಲಿ ತಗಿ."

ಮುರಿಗೆಪ್ಪ ತೆಗೆಯಲಿಲ್ಲ. ಹನ್ನೆರಡು ವರ್ಷದಲ್ಲಿ ಅವನು ಗುರುಗಳ ಮಾತು ಮೀರಿದ್ದು ಅದೊಂದೇ ಸಲ.

"ವಾಸನಿ ಬರತೈತ್ರಿ ಅಜ್ಜಾರ" ಅಂದ. ಕಣ್ಣಲ್ಲಿ ನೀರು ತುಂಬಿತು. "ಮುಂದಿನ ಎರಡು ಹಲ್ಲು ಅಳ್ಳಾಡತಾವು. ಬಿದ್ದರ ಮಾತು ಕೆಡತೈತಿ. ಪೀಠದ ಮ್ಯಾಲೆ ಹೆಂಗ ಕುಂಡ್ರಲಿ? ದೇಹ ನಿಲ್ಲೂದಲ್ಲ ಅಂತ ನಾನ ಜನಕ್ಕ ಹೇಳತೀನಿ. ಹೋದರ ಹೋಗಲಿ ಅಂತ ಸುಮ್ಮನಾದೆ."

"ಹೋದರ ಹೋಗಲಿ ಅನ್ನಾಂವ ಮುಚ್ಚಿಕೊಳ್ಳೂದಿಲ್ಲ" ಅಂದರು ಗುರುಗಳು.

ಅವರೇ ಕೈ ಚಾಚಿ ವಲ್ಲಿ ಸರಿಸಿದರು. ವಸಡು ಬಾತು ಕೆಂಪಗೆ ಹೊಳೆಯುತ್ತಿತ್ತು. ಮುಂದಿನ ಹಲ್ಲುಗಳ ಬುಡದಲ್ಲಿ ಅದು ಹಿಂದೆ ಸರಿದು, ಹಲ್ಲು ಉದ್ದ ಬೆಳೆದ ಹಾಗೆ ಕಾಣುತ್ತಿತ್ತು. ವಾಸನೆ ಬಂತು. ಗುರುಗಳು ಮುಖ ತಿರುಗಿಸಲಿಲ್ಲ. ಇನ್ನಷ್ಟು ಹತ್ತಿರ ಸರಿದು ನೋಡಿದರು.

"ನಾಳೆ ಪ್ಯಾಟಿಗೆ ಹೋಗೂಣು" ಅಂದರು.

ಪೇಟೆಯ ಹಲ್ಲಿನ ಡಾಕ್ಟರು ಮೂವತ್ತು ದಾಟದ ಹೆಣ್ಣುಮಗಳು. ನಾಜನೀನ್ ಎಂದು ಹೆಸರು. ಸಣ್ಣ ಕಡ್ಡಿಯೊಂದನ್ನು ಹಲ್ಲು ವಸಡುಗಳ ನಡುವೆ ಇಳಿಸಿ ಒಂದೊಂದನ್ನೇ ಅಳೆದಳು.

"ಹಲ್ಲು ಒಂದೂ ಹುಳುಕಿಲ್ಲ" ಅಂದಳು.

"ಮತ್ಯಾಕ ಅಳ್ಳಾಡತಾವು?" ಎಂದು ಕೇಳಿದವರು ಗುರುಗಳು.

"ಹಲ್ಲಿಂದು ತಪ್ಪಿಲ್ರಿ. ಹಲ್ಲನ್ನ ಹಿಡಕೊಂಡಿದ್ದ ವಸಡು, ಒಳಗಿನ ಎಲುಬು ಸವದಾವು. ತಿಕ್ಕದ ಬಿಟ್ಟಲ್ಲಿ ಹೊಲಸು ಕಲ್ಲಾಗಿ ಕುಂತೈತಿ. ಇದು ನೋಯಿಸದಂಗ ಕೆಲಸಾ ಮಾಡೂ ರೋಗ. ಗುರುತು ಅಂದರ ರಕ್ತ, ವಾಸನಿ, ಅಷ್ಟ."

ಅವಳು ಕಲ್ಲು ಕೆರೆದು ತೆಗೆದಳು. ಒಂದೇ ದಿನಕ್ಕೆ ಮುಗಿಯಲಿಲ್ಲ, ನಾಲ್ಕು ಸಲ ಹೋಗಬೇಕಾಯಿತು. ಕೆರೆದ ಚೂರುಗಳನ್ನು ಬಿಳಿಯ ಅರಳೆಯ ಮೇಲಿಟ್ಟು ತೋರಿಸಿದಳು. ಗುರುಗಳು ಒಂದನ್ನು ಬೆರಳಿನಿಂದ ಒತ್ತಿದರು. ಅದು ಒಡೆಯಲಿಲ್ಲ.

"ದಿನಾ ಕುಂತದ್ದು ಒಂದು ಎಲಿ ದಪ್ಪನೂ ಅಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಆದರೂ ಕಲ್ಲಾತು ನೋಡು."

ಆಮೇಲೆ ಕೇಳಿದರು, "ಎರಡೂ ಹಲ್ಲು ಉಳೀತಾವೇನವ್ವಾ?"

"ಒಂದು ಉಳಿಯೂದಿಲ್ಲ. ಅದನ್ನ ತಗೀಬೇಕು. ಇನ್ನೊಂದು, ಮನಸ್ಸು ಮಾಡಿದರ ಉಳೀತೈತಿ. ಸವದ ಎಲುಬು ತಿರುಗಿ ಬರೂದಿಲ್ರಿ, ಇದ್ದದ್ದನ್ನ ಕಾಯಬಹುದು. ದಿನಾ ಎರಡು ಸಲ ವಸಡಿನ ಅಂಚಿಗೆ ಬ್ರಶ್ಶು ಹಿಡದು ಮೆತ್ತಗ ತಿಕ್ಕಬೇಕು. ರಕ್ತ ಬಂತಂತ ಬಿಡಬಾರದು. ಸ್ವಚ್ಛ ಆದಂಗ ಅದು ತಾನ ನಿಲ್ಲತೈತಿ. ಮೂರು ತಿಂಗಳಿಗೊಮ್ಮೆ ನನಗ ತೋರಿಸಬೇಕು."

"ಹೆಂಗ ತಿಕ್ಕೂದು ಅನ್ನೂದನ್ನ ಇವಂಗ ಕಲಿಸಬ್ಯಾಡ" ಅಂದರು ಗುರುಗಳು. "ನನಗ ಕಲಿಸು."

ಅವರು ಅವಳ ಮುಂದೆ ನೆಲದ ಮೇಲೆ ಕುಳಿತರು. ಅವಳು ಗಾಬರಿಯಾಗಿ ಕುರ್ಚಿ ಎಳೆದು ಕೊಟ್ಟಳು. ಗುರುಗಳು ಏಳಲಿಲ್ಲ. ಸಾವಿರ ಜನ ಯಾರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರೋ ಆ ಮುದುಕರು, ಕಲಿಸಲೆಂದು ಅವಳು ಕೊಟ್ಟ ಗಾರೆಯ ಹಲ್ಲಿನ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೇಳಿದಂತೆ ತಿಕ್ಕಿ ಕಲಿತರು. ತಪ್ಪಿದಾಗ ಅವಳು ತಿದ್ದಿದಳು. ಅವರು "ಹೂಂ" ಅಂದು ಮತ್ತೆ ತಿಕ್ಕಿದರು.

ಮರುದಿನ ಬೆಳಗ್ಗೆ ಗುರುಗಳು ಶಿಷ್ಯನನ್ನು ನದಿಯ ಮೆಟ್ಟಿಲ ಮೇಲೆ ಕೂಡಿಸಿದರು. ಒಂದು ಕೈಯಿಂದ ಅವನ ಗದ್ದ ಹಿಡಿದರು. ಇನ್ನೊಂದು ಕೈಯಲ್ಲಿ ಬ್ರಶ್ಶು.

"ಬ್ಯಾಡ್ರಿ ಅಜ್ಜಾರ, ಪಾಪ ಬರತೈತಿ. ನಾನ ತಿಕ್ಕೋತೀನಿ."

"ಬಾಕಿದ್ದೆಲ್ಲಾ ನೀ ತಿಕ್ಕೋ. ನೀ ಅಂಜಿ ಬಿಟ್ಟ ಜಾಗಾ ನನಗ ಕೊಡು."

ಮುರಿಗೆಪ್ಪ ಬಾಯಿ ತೆರೆದ.

ಉಗುಳಿದ್ದೆಲ್ಲ ಕೆಂಪು. ಗುರುಗಳ ಬೆರಳುಗಳೂ ಕೆಂಪಾಗಿದ್ದವು. ಶಿಷ್ಯನ ಕಣ್ಣಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು. ನೋವಿಗಲ್ಲ ಅದು. ಬಟ್ಟೆ ಒಗೆಯಲು ಬಂದ ಹೆಂಗಸರು ಒಗೆಯುವುದನ್ನು ಬಿಟ್ಟು ನಿಂತರು.

ಊರಿನ ಗೌಡರು ಸ್ನಾನಕ್ಕೆಂದು ಬಂದವರು ನೋಡಲಾರದೆ ಕೇಳಿದರು, "ಅಜ್ಜಾರ, ಇದೇನು ಮಾಡಾಕ ಹತ್ತೀರಿ?"

"ಪೂಜಿ ಮಾಡಾಕ ಹತ್ತೀನಿ ಗೌಡಾ. ದನಿ ಮಾಡಬ್ಯಾಡ."

ಗೌಡರು ಚಪ್ಪಲಿ ಕಳಚಿ ನಿಂತುಕೊಂಡರು.

ದಿನಾ ಹೀಗೇ ನಡೆಯಿತು. ವಯಸ್ಸಾದ ಕೈ, ನಡುಗುತ್ತಿತ್ತು. ಆದರೆ ವಸಡಿನ ಅಂಚಿಗೆ ಬಂದಾಗ ಆ ನಡುಕ ನಿಲ್ಲುತ್ತಿತ್ತಂತೆ. ಅದು ಹೇಗೆ ಎಂದು ನನಗೆ ಇಂದಿಗೂ ತಿಳಿದಿಲ್ಲ.

ವಾರ ಕಳೆಯುವಷ್ಟರಲ್ಲಿ ಕೆಂಪು ತೆಳುವಾಯಿತು. ಎರಡನೆಯ ವಾರ ಬರೀ ಗೆರೆಯಷ್ಟು ಕಂಡಿತು. ವಾಸನೆ ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ. ಒಂದು ಹಲ್ಲನ್ನು ಡಾಕ್ಟರು ತೆಗೆದರು. ಇನ್ನೊಂದನ್ನು ಗುರುಗಳು ದಿನಾ ಬೆರಳ ತುದಿಯಿಂದ ಮುಟ್ಟಿ ನೋಡುತ್ತಿದ್ದರು.

ಶ್ರಾವಣದ ಹಿಂದಿನ ದಿನ ಮುರಿಗೆಪ್ಪ ಉಗುಳಿದ. ಬಿಳಿಯ ನೊರೆ.

ಗುರುಗಳು ಅವನ ಹಲ್ಲನ್ನು ಮುಟ್ಟಿದರು. ಅದು ಗಟ್ಟಿಯಾಗಿ ಕುಳಿತಿತ್ತು. ಒಂದು ಚೂರು ಮಾಂಸ ತಾನೇ ತಾನಾಗಿ ಮಾಯುವುದನ್ನು ಇಬ್ಬರೂ ದಿನದಿನವೂ ಕಂಡಿದ್ದರು.

"ನಾಳಿನ ಮೊದಲನೇ ಮಾತು ಹೇಳು, ಕೇಳೂಣು" ಅಂದರು ಗುರುಗಳು.

ಮುರಿಗೆಪ್ಪ ಹೇಳಿದ. ಹಲ್ಲು ಹೋದ ಸಂದಿಯಿಂದ 'ಸ' ಅನ್ನುವಾಗೆಲ್ಲ ಸಣ್ಣಗೆ ಶಿಳ್ಳೆ ಬಂತು. ಒಗೆಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವನಿಗೂ ನಗು ಬಂತು. ಎರಡು ವರ್ಷದಲ್ಲಿ ಅವನು ಬಾಯಿ ತೆರೆದು ನಕ್ಕದ್ದು ಅದೇ ಮೊದಲು.

"ಹಿಂಗ ಮಾತಾಡಲೇನ್ರಿ ಪೀಠದ ಮ್ಯಾಲೆ?"

"ಹಿಂಗ ಮಾತಾಡು. ಮಂದಿಗೆ ಮಾತೂ ಕೇಳಸ್ತೈತಿ, ಹೋದ ಹಲ್ಲೂ ಕೇಳಸ್ತೈತಿ."

ಮುರಿಗೆಪ್ಪ ಗುರುಗಳ ಕಾಲು ಹಿಡಿಯಲು ಬಾಗಿದ. ಗುರುಗಳು ಕಾಲು ಹಿಂದೆಳೆದುಕೊಂಡರು. ಜೋಳಿಗೆಯಿಂದ ಹೊಸ ಬ್ರಶ್ಶೊಂದನ್ನು ತೆಗೆದು ಅವನ ಕೈಗಿಟ್ಟರು. ಅವನಿಗಿಂತ ಒಂದು ಮೆಟ್ಟಿಲು ಕೆಳಗಿಳಿದು ಕುಳಿತು ಬಾಯಿ ತೆರೆದರು.

ಶಿಷ್ಯ ನೋಡಿದ. ಬಲಗಡೆ, ಹಿಂದಿನ ಹಲ್ಲುಗಳ ಸುತ್ತ, ಅದೇ ಬಾವು. ಅದೇ ಕೆಂಪು.

ಅವನು ಬ್ರಶ್ಶು ಕೆಳಗಿಳಿಸಿದ. "ನಿಮ್ಮ ಬಾಯಿಗೆ ನಾನು ಕೈ ಹಚ್ಚೂದೇನ್ರಿ ಅಜ್ಜಾರ? ನಿಮ್ಮ ಕಾಲಿಗೆ ಹಚ್ಚಾಕ ಬಂದಾಂವ ನಾನು."

"ಕಾಲಿಗೇನೂ ಆಗಿಲ್ಲ" ಅಂದರು ಗುರುಗಳು. "ಐವತ್ತು ವರ್ಷದಿಂದ ಎಲ್ಲಾರೂ ಅದನ್ನ ನೋಡ್ಯಾರ. ನೀ ಬಾಯಿ ನೋಡು."