ಮೂಗಗಲ್ಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಕೂಲಿಮಠದ ಗುರುಪಾದಯ್ಯನವರು. ಪಾಟಿ ಒರೆಸಿ, ಕೈಕಟ್ಟಿ ಕೂತರೆ ಮಾತ್ರ ಹೇಳುತ್ತಿದ್ದರು. ಆ ಮಠದ ಗೋಡೆಗೆ ವರ್ಷಕ್ಕೊಮ್ಮೆ ನಾವೇ ಸುಣ್ಣ ಬಳಿಯುತ್ತಿದ್ದೆವು. ಈಗಲೂ ಎಲ್ಲಾದರೂ ಹಸಿ ಸುಣ್ಣದ ವಾಸನೆ ಬಂದರೆ ಅವರ ಧ್ವನಿ ಕೇಳಿದಂತಾಗುತ್ತದೆ.

ಒಬ್ಬ ಶಿಷ್ಯ ಗುರುವನ್ನು ಕೇಳಿದ: “ಗುರುಗಳೇ, ಸೊಸೆ ಮನೆಗೆ ಬಂದು ವರ್ಷವಾಯಿತು. ದುಡಿಯುತ್ತಾಳೆ, ಎದುರಾಡುವುದಿಲ್ಲ. ಆದರೆ ಬಾಯಿ ಬಿಡುವುದಿಲ್ಲ. ನಮ್ಮವಳಾಗುವ ಗುಣ ಅವಳಲ್ಲಿ ಕಾಣಲಿಲ್ಲ. ನಾಳೆ ತವರಿಗೆ ಕಳಿಸಿಬಿಡಬೇಕೆಂದಿದ್ದೇನೆ. ಸರಿಯೇ?”

ಗುರುಗಳು ಹೇಳಿದರು:

ಒಬ್ಬ ಸುಣ್ಣಗಾರನಿದ್ದ. ಭಟ್ಟಿಗೆ ಹಾಕುವ ಮೊದಲು ಕಲ್ಲಿನ ಮೇಲೆ ನಿಂಬೆರಸದ ಹನಿ ಬಿಡುತ್ತಿದ್ದ. ಸುಣ್ಣದ ಜಾತಿಯ ಕಲ್ಲಾದರೆ ಚುರ್ರೆಂದು ನೊರೆ ಏಳುತ್ತದೆ. ಅದಕ್ಕೆ ಅವನು ‘ಕಲ್ಲು ಬಾಯಿ ಬಿಟ್ಟಿತು’ ಎನ್ನುತ್ತಿದ್ದ. ಬಾಯಿ ಬಿಡದ್ದು ಮೂಗಗಲ್ಲು. ಅಂಥದು ಭಟ್ಟಿಗೆ ಬಿದ್ದರೆ ಸುಣ್ಣ ಕೆಡುತ್ತದೆಂದು ಬೇರೆ ಗುಡ್ಡೆಗೆ ಎಸೆಯುತ್ತಿದ್ದ. ಆ ಗುಡ್ಡೆ ಬಂಡಿಯೇರಿ ರಸ್ತೆಯ ಕೆಲಸಕ್ಕೆ ಹೋಗುತ್ತಿತ್ತು.

ಒಂದು ದಿನ ಗುಲಾಬಿ ಬಣ್ಣದ ಕಲ್ಲೊಂದು ಸಿಕ್ಕಿತು. ಅಂಥದನ್ನು ಅವನು ಆಯುಷ್ಯದಲ್ಲೇ ಕಂಡಿರಲಿಲ್ಲ. ಮೊಳೆಯಿಂದ ಗೀರಿದ, ಗೆರೆ ಬಿತ್ತು. ಸುತ್ತಿಗೆ ತಾಗಿಸಿದ, ಸುಣ್ಣದ ಹರಳಿನಂತೆಯೇ ಓರೆಯಾಗಿ, ನುಣ್ಣಗೆ ಸೀಳಿತು. ನಿಂಬೆರಸ ಬಿಟ್ಟ. ಹನಿ ಇದ್ದಂತೆಯೇ ಇತ್ತು.

“ಮೂಗಗಲ್ಲು” ಎಂದು ಎಸೆದ.

ಹೆಂಡತಿ ಎತ್ತಿಕೊಂಡಳು. “ಮೈಯೆಲ್ಲಾ ನಮ್ಮ ಕಲ್ಲಿನ ಲಕ್ಷಣಾನ ಅದಾವಲ್ರೀ. ಇನ್ನೊಮ್ಮೆ ನೋಡ್ರಿ.”

“ಕಲ್ಲಿನ ವಕೀಲಿಕಿ ನಿನಗ್ಯಾಕ? ನಿಂಬಿಹಣ್ಣು ಸುಳ್ಳು ಹೇಳೂದಿಲ್ಲ.”

ಅವಳು ಕಲ್ಲನ್ನು ಒಲೆಯ ಮಗ್ಗುಲಲ್ಲಿಟ್ಟು ಅದರ ಮೇಲೆ ಸೌಟು ಇಡತೊಡಗಿದಳು. ಒಂದು ಮಧ್ಯಾಹ್ನ ಹುಳಿಸಾರು ಉಕ್ಕಿ ಅದರ ಮೇಲೆ ಚೆಲ್ಲಿತು.

“ಬರ್ರಿ ಇಲ್ಲೆ! ನಿಮ್ಮ ಮೂಗಿ ಬಾಯಿ ಬಿಟ್ಟಾಳ!”

ಸುಣ್ಣಗಾರ ನಂಬಲಿಲ್ಲ. ಕಲ್ಲನ್ನು ತೊಳೆದು ಆರಲು ಬಿಟ್ಟ. ತಣ್ಣನೆಯ ನಿಂಬೆರಸ ಹಾಕಿದ, ಸುಮ್ಮನಿತ್ತು. ಅದೇ ರಸವನ್ನು ಕಾಸಿ ಹಾಕಿದ. ಬಿಳಿಯ ನೊರೆ ಮೇಲೆದ್ದು ಬಂತು.

ಅವನು ಎದ್ದು ಮೂಗಗಲ್ಲಿನ ಗುಡ್ಡೆಯತ್ತ ಹೋದ. ಅಲ್ಲಿ ಬರಿಯ ನೆಲವಿತ್ತು. ಬಂಡಿ ಬಂದು ಹೋಗಿತ್ತು. ಮೀಸೆ ಮೂಡುವ ಮೊದಲಿನಿಂದ ತಾನು ಎಸೆದ ಕಲ್ಲುಗಳನ್ನೆಲ್ಲ ನೆನೆಯುತ್ತ ಬಹಳ ಹೊತ್ತು ನಿಂತ. ಅವುಗಳಲ್ಲಿ ಎಷ್ಟು ನಿಜಕ್ಕೂ ಮೂಗಗಲ್ಲೋ, ಎಷ್ಟು ಅಲ್ಲವೋ. ಅಂದಿನಿಂದ ಆ ಕಲ್ಲುಗಳು ಬಿದ್ದ ರಸ್ತೆ ಬಂದಾಗಲೆಲ್ಲ ಕೆರ ಕಳಚಿ, ಕೈಯಲ್ಲಿ ಹಿಡಿದು ನಡೆಯುತ್ತಿದ್ದ.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: “ಹಾಗಾದರೆ ನಿಂಬೆಹಣ್ಣು ಸುಳ್ಳು ಹೇಳಿತೇ?”

“ಸುಳ್ಳು ಹೇಳಲಿಲ್ಲಪ್ಪ, ತಣ್ಣಗೆ ಕೇಳಿತು. ನಿನ್ನ ಮನೆಯಲ್ಲಿ ಆ ಹುಡುಗಿಯನ್ನು ಬೆಚ್ಚಗೆ ಕೇಳಿದವರು ಯಾರು?”

ಶಿಷ್ಯ ಎದ್ದು ಮನೆಯ ದಾರಿ ಹಿಡಿದ.

ಗುರುಪಾದಯ್ಯನವರೂ ಇಲ್ಲಿಗೇ ನಿಲ್ಲಿಸಿ ನಮ್ಮನ್ನು ಮನೆಗೆ ಕಳಿಸುತ್ತಿದ್ದರು. ಈ ಕತೆ ಕೇಳಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಹೊಸ ಸೊಸೆ ಬರುವ ಮನೆ ಗೊತ್ತಿದ್ದರೆ, ಮೊದಲು ಅಲ್ಲಿ ಹೇಳಿ.